ಹತ್ತಿ ಸೀಮೆಯ ಏಸಿ

ಟಂಟಂನಿಂದ ಇಳಿದ ಎರಡು ಡಬ್ಬಿಗಳನ್ನು ನೋಡಿ ಅವ್ವ ಮೊದಲು ಕೇಳಿದ್ದು ಗೋಡೆಯ ಬಗ್ಗೆ. “ಒಂದೂವರಿ ಟನ್ನಿಂದಂತಲ್ಲೋ, ಗ್ವಾಡಿ ತಾಳತೈತೇನು?” ಕಲಘಟಗಿಯ ಬೀಗರ ಕಬ್ಬು ಟನ್ ಲೆಕ್ಕದಲ್ಲಿ ಹೋಗುವುದನ್ನು ಕಂಡವಳು, ಕೇಳಿದ್ದರಲ್ಲಿ ತಪ್ಪೇನಿಲ್ಲ. ನಾನು ಮೂವತ್ತು ವರ್ಷ ಸಾಲಿ ಕಲಿಸಿದವನು, ಬಿಡುತ್ತೇನೆಯೇ? ಹಿಂದೆ ತಂಪನ್ನು ಬರ್ಫದಿಂದ ಅಳೆಯುತ್ತಿದ್ದರು, 2000 ಪೌಂಡು, ಅಂದರೆ ಸುಮಾರು 907 ಕಿಲೋ ಬರ್ಫ 24 ತಾಸಿನಲ್ಲಿ ಕರಗಲು ಎಷ್ಟು ಕಾವು ಬೇಕೋ ಅಷ್ಟನ್ನು ಕೋಣೆಯಿಂದ ಹೊರಹಾಕುವ ಯಂತ್ರ ಒಂದು ಟನ್ನಿನದು ಎಂದು ವಿವರಿಸಿದೆ. ಅವ್ವ ಡಬ್ಬಿಯೊಳಗೆ ಇಣುಕಿದಳು. “ಬರ್ಫ ಎಲ್ಲೈತಿ ಮತ್ತ?”

ನವಲಗುಂದ ತಾಲೂಕಿನ ನಮ್ಮ ಹಳ್ಳಿಯಲ್ಲಿ ಎರಡು ಮೊಳ ದಪ್ಪ ಗೋಡೆಯ ಮಣ್ಣಿನ ಮಾಳಿಗೆ ಕೆಡವಿ ಸ್ಲ್ಯಾಬು ಹಾಕಿಸಿದವನು ನಾನೇ. ಏಪ್ರಿಲ್‌ನಲ್ಲಿ ರಾತ್ರಿ ಹನ್ನೊಂದಕ್ಕೂ ಆ ಸ್ಲ್ಯಾಬು ರೊಟ್ಟಿ ಹಂಚಿನಂತೆ ಕಾದಿರುತ್ತದೆ. ಪುಣೆಯಲ್ಲಿರುವ ಮಗ ಏಸಿ ಕಳಿಸಿದ್ದು ಅದಕ್ಕೆ.

ಮೂರು ವಾರ ಸುಖ. ಆಮೇಲೆ ಗಾಳಿ ಬರುತ್ತದೆ, ತಂಪಿಲ್ಲ. ಫೋನಿನಲ್ಲೇ ನಾಡಿ ಹಿಡಿದ ಒಬ್ಬ ಮೆಕ್ಯಾನಿಕ್ ಗ್ಯಾಸ್ ಹೋಗಿದೆ, ತುಂಬಬೇಕು ಎಂದು ರೊಕ್ಕವನ್ನೂ ಹೇಳಿಬಿಟ್ಟ. ಅಷ್ಟರಲ್ಲಿ ನವಲಗುಂದದಿಂದ ಬೇರೊಬ್ಬ ಹುಡುಗ ಸಿಕ್ಕ. “ಗ್ಯಾಸ್ ಉರದ ಹೋಗಾಕ ಅದೇನ್ ಪೆಟ್ರೋಲೇನ್ರಿ ಮಾಸ್ತರ್ರ? ಪೈಪ್ ತೂತ ಬಿದ್ದರಷ್ಟ ಹೋಗತೈತಿ,” ಎನ್ನುತ್ತ ಸ್ಟೂಲ್ ಹತ್ತಿ ಮುಚ್ಚಳ ಎತ್ತಿದ. ಒಳಗಿನ ತಾಮ್ರದ ಸುರುಳಿಯ ಮೇಲೆ ಬೆರಳು ದಪ್ಪ ಬರ್ಫ! ಅವ್ವನನ್ನು ಕರೆದು ತೋರಿಸಿದೆ.

ಬರ್ಫಕ್ಕೆ ಕಾರಣ ಅದರ ಮುಂದಿದ್ದ ಜಾಳಿಗೆ. ಹುಡುಗ ಅದನ್ನು ಜಗ್ಗಿ ತೆಗೆದರೆ ಜಾಳಿಗೆ ಕಾಣಲೇ ಇಲ್ಲ. ಬೂದು ಬಣ್ಣದ ಮೆತ್ತನೆಯ ಪದರ, ಒಂದು ಮೂಲೆ ಹಿಡಿದು ಎಳೆದರೆ ಕಂಬಳಿಯ ಹಾಗೆ ಇಡಿಯಾಗಿ ಬಿಚ್ಚಿ ಬಂತು. “ಹತ್ತಿ ಎಲ್ಲಿ ಒಟ್ಟೀರಿ?” ಎಂದ. ಪಕ್ಕದ ಕೋಣೆಯಲ್ಲೇ ಒಟ್ಟಿದ್ದೆವು, ದರ ಬರಲಿ ಅಂತ. ನಮ್ಮ ಎರೆ ಸೀಮೆಯಲ್ಲಿ ದರ ಬರುವ ತನಕ ಹತ್ತಿಯೂ ಮನೆಯ ಮಂದಿಯಲ್ಲೊಬ್ಬರು. ಅದರ ಅರಳೆ ಜಾಳಿಗೆ ಮುಚ್ಚಿತ್ತು. ಕೋಣೆಯ ಬೆಚ್ಚನೆ ಗಾಳಿ ಸುರುಳಿಯನ್ನು ಮುಟ್ಟದಿದ್ದರೆ ಸುರುಳಿ ತಣ್ಣಗಾಗುತ್ತ ಸೊನ್ನೆಗಿಂತ ಕೆಳಗಿಳಿಯುತ್ತದೆ, ಗಾಳಿಯ ಪಸೆ ಅದರ ಮೇಲೆ ಹೆಪ್ಪುಗಟ್ಟುತ್ತದೆ, ಆ ಬರ್ಫ ಉಳಿದ ದಾರಿಯನ್ನೂ ಮುಚ್ಚುತ್ತದೆ. ಬರೀ ಫ್ಯಾನ್ ಓಡಿಸಿ ಬರ್ಫ ಕರಗಿಸಿದ. ಜಾಳಿಗೆಯನ್ನು ನಳದ ಕೆಳಗೆ ತೊಳೆದು ನೆರಳಲ್ಲಿ ಒಣಗಿಸಿದ. ಹಿತ್ತಲ ಗೋಡೆಯ ಹೊರಡಬ್ಬಿಗೂ ಕಡಲೆ ಹೊಟ್ಟು ಮೆತ್ತಿತ್ತು, ಅದಕ್ಕೂ ಸ್ನಾನವಾಯಿತು.

ಈ ಯಂತ್ರಕ್ಕೆ ಹತ್ತಿ ಹೊಸದಲ್ಲ ಎಂಬುದು ನನಗೆ ಆಮೇಲೆ ತಿಳಿಯಿತು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಮೊದಲ ಯಂತ್ರದ ನಕ್ಷೆ ಬರೆದದ್ದು ಮನುಷ್ಯರ ಬೆವರು ಆರಿಸಲಿಕ್ಕಲ್ಲ. ಬ್ರೂಕ್ಲಿನ್ನಿನ ಒಂದು ಛಾಪಖಾನೆಯಲ್ಲಿ ಪಸೆಗೆ ಕಾಗದ ಹಿಗ್ಗಿ ಕುಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂಡುತ್ತಿರಲಿಲ್ಲವಂತೆ. ಅದಕ್ಕೆ ‘ಏರ್ ಕಂಡೀಷನಿಂಗ್’ ಎಂಬ ಹೆಸರು ಕೊಟ್ಟವನು, 1906ರಲ್ಲಿ, ನಾರ್ತ್ ಕ್ಯಾರೊಲಿನಾದ ಸ್ಟುವರ್ಟ್ ಕ್ರೇಮರ್, ಹತ್ತಿ ಗಿರಣಿಗಳ ಎಂಜಿನಿಯರ್. ಒಣಗಾಳಿಗೆ ನೂಲು ಹರಿಯುತ್ತದೆಂದು ಅವನು ಗಿರಣಿಯ ಗಾಳಿಗೆ ಪಸೆ ಕೂಡಿಸುತ್ತಿದ್ದ. ಹತ್ತಿಯ ಜೋಪಾನದಲ್ಲಿ ಹೆಸರು ಪಡೆದದ್ದನ್ನು ನಮ್ಮ ಮನೆಯಲ್ಲಿ ಹತ್ತಿಯೇ ಉಸಿರುಗಟ್ಟಿಸಿತ್ತು.

ಮೇ ತಿಂಗಳಲ್ಲಿ ಅಡ್ಡಮಳೆಯಾಗಿ ಗಾಳಿಯಲ್ಲಿ ಪಸೆ ಬಂದಾಗ ಹೊಸ ತಕರಾರು. ರಾತ್ರಿ ಒಳಗೇ ತಟತಟ ನೀರು, ಅದೂ ಅವ್ವನ ಮದುವೆಯ ಕಾಲದ ನವಲಗುಂದ ಜಮಖಾನೆಯ ಮೇಲೆ. ಹುಡುಗ ಬಂದು ಒಳಗೇನೂ ಬಿಚ್ಚಲಿಲ್ಲ, ನೇರ ಹಿತ್ತಲಿಗೆ ಹೋದ. ನೀರು ಹೋಗುವ ಪೈಪಿನ ತುದಿಯನ್ನು ಯಾರೋ ಕೊಡದೊಳಗೆ ತಳಮುಟ್ಟ ಇಳಿಬಿಟ್ಟಿದ್ದರು. ಯಾರೋ ಏನು, ಅವ್ವನೇ. ಸವಳು ಬಾವಿಯ ಊರಲ್ಲಿ ಕೆರೆಯ ನೀರು ಹೊತ್ತು ಬೆಳೆದವಳಿಗೆ ಹನಿ ಹನಿ ಸುಮ್ಮನೆ ನೆಲಕ್ಕೆ ಬೀಳುವುದು ಸಹಿಸಲಾಗಿರಲಿಲ್ಲ. ಕೊಡ ತುಂಬುತ್ತ ಪೈಪಿನ ಬಾಯಿ ನೀರಲ್ಲಿ ಮುಳುಗಿ, ಒಳಗಿನ ಗಾಳಿಗೆ ಹೋಗಲು ಹಾದಿಯಿಲ್ಲದೆ ನೀರು ಹಿಂದಕ್ಕೆ ನಿಂತಿತ್ತು. ಈಗ ಪೈಪು ಕೊಡದ ಬಾಯಿಗಿಂತ ಗೇಣುದ್ದ ಮೇಲೆ. ನೀರು ತುಳಸಿಗೆ.

ಕರೆಂಟಿನದು ಬೇರೆ ಕತೆ. ಹೊಲದ ಪಂಪ್‌ಸೆಟ್ಟುಗಳು ಒಮ್ಮೆಲೇ ಎದ್ದಾಗ ವೋಲ್ಟೇಜ್ ಕುಸಿದು ಸ್ಟೆಬಿಲೈಜರ್ ಟಕ್ ಎನ್ನುತ್ತದೆ. ನಮ್ಮಾಕಿ ರಿಮೋಟ್ ಒತ್ತೇ ಒತ್ತುತ್ತಾಳೆ. ಒಳಗಿನ ಎರಡು ಕಡೆಯ ಒತ್ತಡ ಸಮವಾಗುವ ತನಕ, ಮೂರು ನಿಮಿಷ, ಕಂಪ್ರೆಸರ್ ಯಾರ ಮಾತೂ ಕೇಳುವುದಿಲ್ಲ. “ನಿಮ್ಮಂಗ,” ಅನ್ನುತ್ತಾಳೆ.

ಹತ್ತಿ ಮಾರಿಯಾಯಿತು. ಹದಿನೈದು ದಿನಕ್ಕೊಮ್ಮೆ ಜಾಳಿಗೆ ತೊಳೆಯುವುದು ನನ್ನ ಪಾಳಿ. ದೇವರ ಬತ್ತಿಗೆಂದು ಅವ್ವ ಒಂದು ಬುಟ್ಟಿ ಹತ್ತಿ ತೆಗೆದಿಟ್ಟುಕೊಂಡಿದ್ದಾಳೆ. ಮಧ್ಯಾಹ್ನ ಊಟವಾದ ಮೇಲೆ ಅದನ್ನು ಹಿಡಿದು ತಂಪಿನ ಕೋಣೆಗೇ ಬರುತ್ತಾಳೆ, ಜಮಖಾನೆಯ ಮೇಲೆ ಕಾಲು ಚಾಚಿ ಕೂರುತ್ತಾಳೆ, ಹಿಂಜಿದ ಅರಳೆ ಮಡಿಲಿಗೆ ಸುರಿದುಕೊಂಡು ನನ್ನ ಕಡೆ ನೋಡುತ್ತಾಳೆ.

“ಅದನ್ನ ಬಂದ್ ಮಾಡೋ, ಹತ್ತಿ ಹಾರತೈತಿ.”