ಸಪೋಟದ ಲೋಟ

ಹೋದ ವರ್ಷ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಮೂಳೆ ಮುರಿದುಕೊಂಡರು. ಆಪರೇಷನ್ ಮುಗಿಸಿ ಮನೆಗೆ ಬಂದಾಗ ಮೈಯೆಲ್ಲ ಇಳಿದುಹೋಗಿತ್ತು. ಕಾಲಿಗೆ ಮತ್ತೆ ಬಲ ಬರಬೇಕಾದರೆ ಪ್ರೋಟೀನ್ ಚೆನ್ನಾಗಿ ಕೊಡಿ ಎಂದರು ಡಾಕ್ಟರು. ಔಷಧಿ ಅಂಗಡಿಯಿಂದ ತಂದ ಡಬ್ಬ ಮೂರು ವಾರಕ್ಕೆ ಖಾಲಿ. ಅದರ ಮೇಲಿನ ಬೆಲೆ ಓದಿದ ಅಪ್ಪ, "ಇನ್ನೊಂದು ತರಬೇಡ ಕಣಮ್ಮ" ಅಂದುಬಿಟ್ಟರು. ಬೆಲೆಗಿಂತ ಹೆಚ್ಚಾಗಿ ಆ ವೆನಿಲಾ ವಾಸನೆ ಅವರಿಗೆ ಸೇರುತ್ತಿರಲಿಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು.

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ದೇಹದ ತೂಕದ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು. 58 ಕಿಲೋ ತೂಗುವ ಅಪ್ಪನಿಗೆ ಸುಮಾರು 48 ಗ್ರಾಂ. ಗಾಯ ಮಾಯುವಾಗ ಅದಕ್ಕಿಂತ ಹೆಚ್ಚೇ. ಅವರು ಉಣ್ಣುತ್ತಿದ್ದದ್ದು ಎರಡು ತುತ್ತು ಸಾರನ್ನ. ಹುರಿಗಡಲೆ ಡಬ್ಬ ತೆಗೆದೆ. 30 ಗ್ರಾಂ ಹುರಿಗಡಲೆ, ಹುರಿದು ಸಿಪ್ಪೆ ಉದುರಿಸಿದ 15 ಗ್ರಾಂ ಕಡಲೆಕಾಯಿ ಬೀಜ, ಎರಡನ್ನೂ ನುಣ್ಣಗೆ ಪುಡಿ ಮಾಡಿ ಒಂದು ಲೋಟ ಹಾಲಿಗೆ ಬೆರೆಸಿದರೆ ಹತ್ತಿರ ಹತ್ತಿರ 16 ಗ್ರಾಂ ಪ್ರೋಟೀನ್. ಖರ್ಚು 20 ರೂಪಾಯಿಯ ಆಸುಪಾಸು. ಅಪ್ಪನ ಕಿಡ್ನಿ ಚೆನ್ನಾಗಿದೆ ಎಂದು ರಕ್ತ ಪರೀಕ್ಷೆಯಲ್ಲಿ ತಿಳಿದಿದ್ದರಿಂದ ಧೈರ್ಯವಿತ್ತು. ಕಿಡ್ನಿ ತೊಂದರೆಯಿದ್ದವರು ಡಾಕ್ಟರನ್ನು ಕೇಳದೆ ಹೀಗೆ ಪ್ರೋಟೀನ್ ಹೆಚ್ಚಿಸಬಾರದು.

ಅಪ್ಪ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಗಂಟಲೆಲ್ಲ ಹಿಟ್ಟು ಹಿಟ್ಟು."

ಹಣ್ಣು ಬಂದದ್ದು ಆಗ. ಒಂದು ಏಲಕ್ಕಿ ಬಾಳೆಯಲ್ಲಿ ಒಂದು ಗ್ರಾಂ ಪ್ರೋಟೀನೂ ಇರುವುದಿಲ್ಲ. ಆದರೆ ಹಣ್ಣಿಲ್ಲದಿದ್ದರೆ ಆ 16 ಗ್ರಾಂ ಹೋಗುವುದು ಸಿಂಕಿಗೆ. ಮುದುಕರ ಬಾಯಿಗೆ ರುಚಿಯೇ ದಾರಿ ಎಂಬುದನ್ನು ನಾನು ಕಲಿತದ್ದು ಆ ಅರ್ಧ ತುಂಬಿದ ಲೋಟದಿಂದ.

ಅಪ್ಪನಿಗೆ ಇಷ್ಟವೆಂದು ಒಂದು ದಿನ ಅನಾನಸ್ ಹಾಕಿ ರುಬ್ಬಿದೆ. ಅವರು ನಿದ್ದೆಯಿಂದ ಏಳಲೆಂದು ಅರ್ಧ ಗಂಟೆ ಮುಚ್ಚಿಟ್ಟಿದ್ದೆ. ಮುಚ್ಚಳ ತೆಗೆದರೆ ಹಾಲು ಒಡೆದು ನೀರು ಬೇರೆಯಾಗಿತ್ತು, ನಾಲಗೆಗಿಟ್ಟರೆ ಕಹಿ. ಹಸಿ ಅನಾನಸಿನಲ್ಲಿರುವ ಬ್ರೊಮೆಲೈನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ತುಂಡರಿಸುತ್ತದೆ, ಹುಳಿಯೂ ಅದರ ಜೊತೆಗೂಡುತ್ತದೆ. ಹೋಳುಗಳನ್ನು ಚೆನ್ನಾಗಿ ಕುದಿಸಿ, ಆರಿಸಿ ಹಾಕಿದರೆ ಕಹಿ ಬರುವುದಿಲ್ಲ. ಪರಂಗಿಯಲ್ಲೂ ಅಂಥದೇ ಕಿಣ್ವ ಇದೆ; ಅದನ್ನು ರುಬ್ಬಿದ ಕೂಡಲೇ ಕುಡಿಸಿಬಿಡಬೇಕು.

ಕೊನೆಗೆ ಗೆದ್ದದ್ದು ಸಪೋಟ. ಅದರ ತಿರುಳೇ ಸಣ್ಣಗೆ ಮರಳು ಮರಳು. ಹುರಿಗಡಲೆಯ ತರಿ ಅದರಲ್ಲಿ ಕಾಣೆಯಾಗುತ್ತದೆ. ಬೆಲ್ಲವೂ ಬೇಡ. ಕಂದು ನೊರೆಯ ಮೇಲೆ ಒಂದು ಚಿಟಿಕೆ ಏಲಕ್ಕಿ ಪುಡಿ. ಅಪ್ಪ ತಳದಲ್ಲಿ ಉಳಿದದ್ದನ್ನು ಚಮಚದಿಂದ ಗೋರಿ ತಿಂದರು. ಬೇಸಿಗೆಯಲ್ಲಿ ಬಾದಾಮಿ ಮಾವು ಬಂದಾಗಲೂ ಅವರು ಕೇಳಿದ್ದು ಸಪೋಟವನ್ನೇ.

ಪನೀರ್ ಮಾಡಿ ಉಳಿದ ನೀರೇ ಪ್ರೋಟೀನ್ ಪಾನೀಯ ಎಂದು ಗೆಳತಿಯೊಬ್ಬಳು ಹೇಳಿದಳು. ಒಂದು ಲೋಟದಲ್ಲಿ ಎರಡು ಗ್ರಾಂ ಸಿಕ್ಕರೆ ಹೆಚ್ಚು. ಅದನ್ನು ಚಪಾತಿ ಹಿಟ್ಟಿಗೆ ಹಾಕುತ್ತೇನೆ.

ಹುರಿಗಡಲೆ, ಕಡಲೆಕಾಯಿಯ ಈ ಜೋಡಿ ನಾನು ಕಂಡುಹಿಡಿದದ್ದಲ್ಲ. ನಮ್ಮ ಮೈಸೂರಿನಲ್ಲೇ 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಅಪೌಷ್ಟಿಕತೆ ನೀಗಲು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮೂರು ಪಾಲು, ಕಡಲೆ ಹಿಟ್ಟು ಒಂದು ಪಾಲು ಸೇರಿಸಿ, ಜೀವಸತ್ವಗಳನ್ನು ಬೆರೆಸಿ ಮಲ್ಟಿಪರ್ಪಸ್ ಫುಡ್ ಎಂಬ ಪುಡಿ ತಯಾರಿಸಿತ್ತು. ಬಡವರ ಮಕ್ಕಳಿಗೆ ಕೈಗೆಟಕುವ ಪ್ರೋಟೀನ್ ಹುಡುಕಿದ ಆ ವಿಜ್ಞಾನಿಗಳನ್ನು ಮಿಕ್ಸಿ ತಿರುಗಿಸುವಾಗ ನೆನೆಯುತ್ತೇನೆ.

ಮೊನ್ನೆ ಅಪ್ಪ ಕೋಲೂರಿಕೊಂಡು ಒಬ್ಬರೇ ಬೀದಿ ಕೊನೆಯ ತಳ್ಳುಗಾಡಿಯವರೆಗೆ ಹೋಗಿ ಬಂದರು. ಜೇಬಲ್ಲಿ ಎರಡು ಸಪೋಟ, ಇನ್ನೂ ಗಟ್ಟಿ. ಹೆಬ್ಬೆರಳಿನಿಂದ ತೊಟ್ಟಿನ ಹತ್ತಿರ ಒತ್ತಿ ನೋಡಿ, ಅಕ್ಕಿ ಡಬ್ಬದಲ್ಲಿ ಹೂತಿಟ್ಟು, "ನಾಡಿದ್ದಿಗೆ ಹಣ್ಣಾಗುತ್ತೆ" ಅಂದರು.