ಗುತ್ತಿಗೆಯ ಕಾರು ಗಡಿ ದಾಟಿದ ದಿನ

ಹೊಸೂರಿನ ಬಡಾವಣೆಗಳಲ್ಲಿ ಸಂಜೆಯ ಹೊತ್ತು ಮನೆಗಳ ಮುಂದೆ ನಿಂತ ಕಾರುಗಳ ಸಂಖ್ಯಾಫಲಕಗಳನ್ನು ಓದುತ್ತ ನಡೆದರೆ ಊರಿನ ಇಂದಿನ ಬದುಕು ಅರ್ಧ ತಿಳಿದುಬಿಡುತ್ತದೆ. ಟಿಎನ್ 70 ಎಂಬುದು ಹೊಸೂರಿನ ಸ್ವಂತ ಸಂಖ್ಯೆ. ಅದರ ಮಗ್ಗುಲಲ್ಲೇ ಕೆಎ 51 ನಿಂತಿರುತ್ತದೆ. ಅದು ಗಡಿಯಾಚೆಯ ಎಲೆಕ್ಟ್ರಾನಿಕ್ ಸಿಟಿಯ ಸಾರಿಗೆ ಕಚೇರಿಯದು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಹೊಸೂರು ಮದ್ರಾಸು ರಾಜ್ಯದಲ್ಲಿಯೇ ಉಳಿಯಿತು. ಸೇಲಂ ಜಿಲ್ಲೆಯಿಂದ ಧರ್ಮಪುರಿಗೆ, ಮುಂದೆ 2004ರಲ್ಲಿ ಕೃಷ್ಣಗಿರಿಗೆ ಸೇರಿತು, 2019ರಲ್ಲಿ ಮಹಾನಗರಪಾಲಿಕೆಯಾಯಿತು. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ಮನೆಯೊಳಗೆ ಕನ್ನಡವನ್ನೋ ತೆಲುಗನ್ನೋ ಆಡಿ, ಅಂಗಡಿಯಲ್ಲಿ ತಮಿಳು ಮಾತನಾಡಿ, ಅನ್ನಕ್ಕೆ ನಲವತ್ತು ಕಿಲೋಮೀಟರ್ ದೂರದ ಬೆಂಗಳೂರನ್ನು ನೆಚ್ಚಿಕೊಂಡ ಸಂಸಾರಗಳು ಇಲ್ಲಿ ಹೆಚ್ಚುತ್ತಲೇ ಇವೆ.

ಅಂಥದೊಂದು ಸಂಸಾರ ಜೂಜುವಾಡಿಯ ಬಳಿ ಇದೆ. ಯಜಮಾನರಿಗೆ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಯೊಂದರಲ್ಲಿ ಉದ್ಯೋಗ. ಮಗಳು ಕನ್ನಡ ಮಾಧ್ಯಮ ಶಾಲೆಯಲ್ಲಿ ಎಂಟನೆಯ ತರಗತಿ. ನಾಲ್ಕು ವರ್ಷಗಳ ಹಿಂದೆ ಉದ್ಯೋಗ ಕೊಟ್ಟ ಕಂಪನಿಯ ಯೋಜನೆಯಂತೆ ಒಂದು ಕಾರನ್ನು ಗುತ್ತಿಗೆಗೆ ಪಡೆದಿದ್ದರು. ತಿಂಗಳು ತಿಂಗಳೂ ಸಂಬಳದಿಂದ ಬಾಡಿಗೆ ಕಡಿತವಾಗುತ್ತಿತ್ತು. ಅವಧಿ ಮುಗಿಯಿತು. ಉಳಿಕೆ ಬೆಲೆಯನ್ನು ಕೊಟ್ಟು ಕಾರನ್ನು ಕೊಂಡುಕೊಳ್ಳಬಹುದು, ಇಲ್ಲವೇ ಹಿಂದಿರುಗಿಸಬಹುದು. ಲೆಕ್ಕ ಹಾಕಿ ನೋಡಿ ಅವರು ಹಿಂದಿರುಗಿಸುವುದೆಂದು ತೀರ್ಮಾನಿಸಿದರು.

ಇಲ್ಲಿ ‘ಲೀಸ್’ ಎಂಬ ಮಾತಿನ ಬಗ್ಗೆ ಒಂದಿಷ್ಟು ಹೇಳಲೇಬೇಕು. ಬೆಂಗಳೂರಿನಲ್ಲೂ ಹೊಸೂರಿನಲ್ಲೂ ಸಾಮಾನ್ಯ ಜನ ಈ ಮಾತನ್ನು ಕಲಿತದ್ದು ಮನೆಯ ವ್ಯವಹಾರದಿಂದ. ‘ಮನೆ ಲೀಸಿಗಿದೆ’ ಎಂದರೆ ಇಡಿಗಂಟಾಗಿ ಹಣ ಕೊಟ್ಟು, ಬಾಡಿಗೆಯಿಲ್ಲದೆ ವಾಸವಿದ್ದು, ಬಿಡುವ ದಿನ ಕೊಟ್ಟ ಹಣವನ್ನು ಪೂರ್ತಿ ಎಣಿಸಿಕೊಂಡು ಹೋಗುವುದೆಂದು ಅರ್ಥ. ಹಿರಿಯರು ಅದನ್ನು ಭೋಗ್ಯ ಎಂದರು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 58ನೆಯ ಕಲಮಿನಲ್ಲಿ ಬರುವ ಭೋಗ್ಯ ಅಡಮಾನ ಇದಕ್ಕೆ ಹತ್ತಿರದ ನಂಟು. ಕಾರಿನ ಲೀಸು ಬೇರೆ ಜಾತಿಯದು. ಅಲ್ಲಿ ಕೊಟ್ಟ ಬಾಡಿಗೆ ಕೊಟ್ಟದ್ದೇ. ಹಿಂದಿರುಗುವುದು ಇಟ್ಟ ಠೇವಣಿ ಮಾತ್ರ, ಅದೂ ಕಡಿತಗಳನ್ನು ಕಳೆದ ಮೇಲೆ. ಈ ಮನೆಯ ಅಜ್ಜಿ ಕೊನೆಯ ವಾರದಲ್ಲಿ ಮಗನನ್ನು ಕೇಳಿದ ಪ್ರಶ್ನೆ ಇದೇ ಆಗಿತ್ತು: “ಕಾರು ವಾಪಸ್ ಕೊಟ್ರೆ ನಾಕು ವರ್ಷ ಕಟ್ಟಿದ ದುಡ್ಡು ಕೊಡ್ತಾರೇನಪ್ಪ?” ಮಗ ನಕ್ಕರು. ಆದರೆ ನಗುವಂಥ ಪ್ರಶ್ನೆ ಅದಲ್ಲ. ಒಂದೇ ಮಾತು ಎರಡು ವ್ಯವಹಾರಗಳನ್ನು ಹೊತ್ತುಕೊಂಡಿರುವಾಗ ಓದು ಬಲ್ಲವರೂ ಎಡವುತ್ತಾರೆ.

ಹೊರಡುವ ಮುನ್ನಿನ ಎರಡು ದಿನ ಮನೆಯೆಲ್ಲ ಹುಡುಕಾಟ. ಎರಡನೆಯ ಕೀಲಿ ಎಲ್ಲಿ? ನಾಲ್ಕು ವರ್ಷ ಯಾರೂ ಮುಟ್ಟದ ಆ ಕೀಲಿ ಕೊನೆಗೆ ಅಡುಗೆಮನೆಯ ಮೇಲಟ್ಟದ ಬಿಸ್ಕತ್ತಿನ ಡಬ್ಬಿಯಲ್ಲಿ ಸಿಕ್ಕಿತು. ಅದು ಸಿಗದಿದ್ದರೆ ಹೊಸ ಕೀಲಿಯ ವೆಚ್ಚ ಠೇವಣಿಯಿಂದ ಹೋಗುತ್ತಿತ್ತು. ವಿಮೆಯ ಕಾಗದ, ಹೊಗೆ ತಪಾಸಣೆಯ ಪತ್ರ, ಸರ್ವಿಸ್ ಪುಸ್ತಕ, ಜಾಕಿ, ಹೆಚ್ಚುವರಿ ಚಕ್ರ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಸರಿನೋಡಿದರು. ಮಗಳು ಕಾರಿನ ಪರದೆಯಲ್ಲಿ ಉಳಿದಿದ್ದ ಮನೆಮಂದಿಯ ಫೋನ್ ಸಂಖ್ಯೆಗಳನ್ನೂ ಮನೆಯ ವಿಳಾಸವನ್ನೂ ಅಳಿಸಿಹಾಕಿದಳು. ದೊಡ್ಡವರಿಗೆ ಹೊಳೆಯದ ಕೆಲಸ ಅದು. ಮುಂದೆ ಆ ಕಾರನ್ನು ಕೊಳ್ಳುವ ಅಪರಿಚಿತನಿಗೆ ಈ ಮನೆಯ ವಿಳಾಸವೇಕೆ?

ಕರಾರಿನಂತೆ ನಾಲ್ಕು ವರ್ಷಕ್ಕೆ 60,000 ಕಿಲೋಮೀಟರ್ ಮಿತಿ. ಮೀರಿದ ಪ್ರತಿ ಕಿಲೋಮೀಟರಿಗೂ ದಂಡ. ಹೊಸೂರಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು 20 ಕಿಲೋಮೀಟರ್. ಹೋಗಿಬರಲು 40, ತಿಂಗಳಿಗೆ 22 ಕೆಲಸದ ದಿನವೆಂದರೆ ವರ್ಷಕ್ಕೆ 10,560, ನಾಲ್ಕು ವರ್ಷಕ್ಕೆ 42,240. ಜಾತ್ರೆ, ಮದುವೆ, ತಿರುಪತಿ, ಬೇಸಿಗೆ ರಜೆಗಳಿಗೆಲ್ಲ ಉಳಿದದ್ದು 17,760. ಈ ಲೆಕ್ಕವನ್ನು ಮಗಳು ಮೊದಲ ವರ್ಷದಲ್ಲಿಯೇ ಗಣಿತದ ಪುಸ್ತಕದ ಹಿಂದೆ ಬರೆದಿಟ್ಟಿದ್ದಳಂತೆ. ಹಿಂದಿರುಗಿಸುವ ದಿನ ಮಾಪಕ 54,312 ತೋರಿಸುತ್ತಿತ್ತು.

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಅಪ್ಪ-ಮಗಳು ಹೊರಟರು. ಹಿಂದೆ ಚಂದ್ರಚೂಡೇಶ್ವರನ ಬೆಟ್ಟ, ಮುಂದೆ 44ನೆಯ ರಾಷ್ಟ್ರೀಯ ಹೆದ್ದಾರಿ. ಜೂಜುವಾಡಿ ದಾಟಿದೊಡನೆ ತಮಿಳು ಫಲಕಗಳು ಮುಗಿದು ಕನ್ನಡ ಫಲಕಗಳು ತೊಡಗುತ್ತವೆ. ಮಣ್ಣಿನ ಬಣ್ಣ ಬದಲಾಗುವುದಿಲ್ಲ. ಈ ಗೆರೆಯನ್ನು ದಿನಕ್ಕೆರಡು ಸಲ ದಾಟುವ ವಾಹನದ ಪಾಡು ವಿಚಿತ್ರವಾದದ್ದು. 1988ರ ಮೋಟಾರು ವಾಹನ ಕಾಯ್ದೆಯ 47ನೆಯ ಕಲಂ ಹೇಳುವ ಪ್ರಕಾರ, ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಅಲ್ಲಿನ ಸಂಖ್ಯೆಯನ್ನು ಪಡೆಯಬೇಕು. ಹಗಲು ಕರ್ನಾಟಕದಲ್ಲಿ ನಿಂತು ರಾತ್ರಿ ತಮಿಳುನಾಡಿನಲ್ಲಿ ಮಲಗುವ ಕಾರು ಎಲ್ಲಿ ‘ಇಟ್ಟುಕೊಂಡದ್ದು’? ರಾಜಧಾನಿಗಳಲ್ಲಿ ಕುಳಿತು ಬರೆದ ಕಾಯ್ದೆಗಳಿಗೆ ಗಡಿಯೂರಿನ ಬದುಕು ನೆನಪಾಗುವುದು ಕಡಿಮೆ. ಅತ್ತಿಬೆಲೆಯ ಸುಂಕದ ಕಟ್ಟೆಯಲ್ಲಿ ಫಾಸ್ಟ್‌ಟ್ಯಾಗ್ ದಾಖಲಿಸಿದ ದಿನನಿತ್ಯದ ಓಡಾಟವೇ ಇಂಥವರಿಗೆ ಒಳ್ಳೆಯ ಸಾಕ್ಷಿ. ಅದರ ವಿವರವನ್ನು ತೆಗೆದಿಟ್ಟುಕೊಂಡವರು ಕೆಡುವುದಿಲ್ಲ.

ಅತ್ತಿಬೆಲೆ ಕಳೆದು ಚಂದಾಪುರ, ಬೊಮ್ಮಸಂದ್ರ, ಹೆಬ್ಬಗೋಡಿ. ಒಂದು ಕಾಲಕ್ಕೆ ರಾಗಿಹೊಲಗಳ ನಡುವಿನ ಹಳ್ಳಿಗಳು. ಈಗ ಕಾರ್ಖಾನೆಯ ಗೋಡೆಗಳಿಗೆ ಒತ್ತಿಕೊಂಡ ಪೇಟೆಗಳು. ಹೊಸೂರಿನಿಂದ ಬೆಂಗಳೂರಿಗೆ ಓದಲೆಂದೋ ದುಡಿಯಲೆಂದೋ ಹೋಗುವುದು ಇಂದು ನಿನ್ನೆಯ ರೂಢಿಯಲ್ಲ. ಹೊಸೂರಿನ ಬಳಿಯ ತೊರಪ್ಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರು ಹೊಸೂರಿನ ಶಾಲೆಯಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದವರೇ. ಮುಂದೆ ಸೇಲಂನಲ್ಲಿ ವಕೀಲಿ ನಡೆಸಿದರು. ಎಲೆಕ್ಟ್ರಾನಿಕ್ ಸಿಟಿಯಿಂದ ರೇಷ್ಮೆ ಮಂಡಳಿಯವರೆಗೆ 2010ರಲ್ಲಿ ತೆರೆದ ಸುಮಾರು ಹತ್ತು ಕಿಲೋಮೀಟರ್ ಉದ್ದದ ಮೇಲ್ಸೇತುವೆಯಿದೆ. ಅವರು ಹೋಗಬೇಕಾದ ಅಂಗಳ ಬೊಮ್ಮನಹಳ್ಳಿಯ ಹಿಂಬದಿಯ ರಸ್ತೆಯಲ್ಲಿದ್ದುದರಿಂದ ಸೇತುವೆ ಹತ್ತದೆ ಕೆಳಗಿನ ರಸ್ತೆಯಲ್ಲೇ ತೆವಳಿದರು.

ಅಂಗಳವೆಂದರೆ ತಗಡಿನ ಬೇಲಿಯೊಳಗೆ ಸಾಲಾಗಿ ನಿಂತ ಮೂವತ್ತು ನಲವತ್ತು ಕಾರುಗಳು, ಒಂದು ಬೇವಿನ ಮರ, ಅದರ ಕೆಳಗೆ ಮೇಜು. ಪ್ರತಿ ಕಾರಿನ ಗಾಜಿನ ಮೇಲೂ ಸುಣ್ಣದಲ್ಲಿ ಬರೆದ ಅಂಕಿ. ಯಾರದೋ ಮನೆಯ ಮಗುವಿನ ಚೀಟಿಯ ಹೂವು ಒಂದರ ಹಿಂಬದಿಯ ಗಾಜಿಗೆ ಇನ್ನೂ ಅಂಟಿತ್ತು. ತಪಾಸಣೆಗೆ ಬಂದ ತರುಣ ಸಭ್ಯಸ್ಥ. ಕೈಯಲ್ಲಿದ್ದ ಫೋನಿನಲ್ಲಿ ಚಿತ್ರ ತೆಗೆಯುತ್ತ ಕಾರನ್ನು ಎರಡು ಸುತ್ತು ಬಂದ. ಮುಂದಿನ ಎರಡು ಟೈರುಗಳು ಸವೆದಿವೆ ಎಂದ. ಅದು ನಿಜ. ಟೈರಿನ ಗೀರುಗಳ ನಡುವೆ ಸವೆತವನ್ನು ತೋರಿಸುವ ಸಣ್ಣ ದಿಣ್ಣೆಗಳಿರುತ್ತವೆ. ಕಾರಿನ ಟೈರಿನಲ್ಲಿ ಗೀರಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾಗಬಾರದೆಂದು ನಿಯಮವಿದೆ. ಆ ಎರಡು ಟೈರುಗಳ ಮೈ ದಿಣ್ಣೆಯ ಸಮಕ್ಕೆ ಬಂದಿತ್ತು. ಯಜಮಾನರು ವಾದಿಸಲಿಲ್ಲ. ಹಿಂಬದಿಯ ಬಂಪರಿನ ಎಡಮೂಲೆಯ ತಗ್ಗನ್ನೂ ತರುಣ ಪಟ್ಟಿಗೆ ಸೇರಿಸಿದಾಗ ಮಾತ್ರ ಅವರು ತಡೆದರು.

“ಇದು ನೀವು ಕೊಡೋವಾಗ್ಲೇ ಇತ್ತಪ್ಪ.”

“ಎಲ್ರೂ ಹಾಗೇ ಅಂತಾರೆ ಸಾರ್.”

ಮಗಳು ಅಪ್ಪನ ಫೋನಿನಲ್ಲಿ ಹುಡುಕಿ, ಕಾರು ಮನೆಗೆ ಬಂದ ದಿನ ಆರತಿಗೆ ಮುಂಚೆ ತೆಗೆದ ಚಿತ್ರವನ್ನು ತೋರಿಸಿದಳು. ಅಜ್ಜಿ ತಟ್ಟೆ ಹಿಡಿದು ನಿಂತಿದ್ದಾರೆ. ಅವರ ಸೆರಗಿನ ಪಕ್ಕದಲ್ಲಿ ಅದೇ ತಗ್ಗು. ಚಿತ್ರದ ದಿನಾಂಕವೂ ಇತ್ತು. ತರುಣ ಚಿತ್ರವನ್ನು ಹಿಗ್ಗಿಸಿ ನೋಡಿ, ಆ ಸಾಲನ್ನು ಹೊಡೆದುಹಾಕಿದ. ಬಾಗಿಲ ಬಳಿಯ ಕೂದಲೆಳೆಯಂಥ ಗೀಚುಗಳ ಬಗ್ಗೆ ಒಮ್ಮತವಾಗಲಿಲ್ಲ. 1872ರ ಕರಾರು ಕಾಯ್ದೆಯ 151ನೆಯ ಕಲಂ ಇಂಥಲ್ಲಿ ಅಳತೆಗೋಲು: ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವತ್ತನ್ನು ನೋಡಿಕೊಳ್ಳುವಷ್ಟು ಜೋಪಾನವಾಗಿ ಪರರ ಸ್ವತ್ತನ್ನು ನೋಡಿಕೊಂಡರೆ ಸಾಕು. ಹೊಸೂರು ರಸ್ತೆಯಲ್ಲಿ ನಾಲ್ಕು ವರ್ಷ ಓಡಿದ ಕಾರಿಗೆ ದ್ವಿಚಕ್ರಗಳ ಹಿಡಿಯೊರೆಸಿದ ಗೀಚು ಬೀಳದಿರಲು ಅದನ್ನು ಹೆಗಲ ಮೇಲೆ ಹೊತ್ತೊಯ್ಯಬೇಕು. ಆದರೆ ಯಾವುದು ಸಹಜ ಸವೆತ, ಯಾವುದು ಹಾನಿ ಎಂಬುದನ್ನು ಕರಾರಿನ ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಸಹಿ ಹಾಕುವ ದಿನ ಅದನ್ನು ಓದುವವರು ಕಡಿಮೆ. ಯಜಮಾನರು ತಪಾಸಣೆಯ ಹಾಳೆಯಲ್ಲಿ ಆ ಸಾಲಿನ ಎದುರು ‘ಒಪ್ಪಿಲ್ಲ’ ಎಂದು ಕನ್ನಡದಲ್ಲಿ ಬರೆದು ಸಹಿ ಮಾಡಿದರು. ಮೊತ್ತವನ್ನು ಮುಂದೆ ಬರೆದುಕೊಳ್ಳಲು ಬಿಟ್ಟ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆದರು.

ಆಮೇಲೆ ಮೇಜಿನ ಮೇಲೆ ಬಂದವು ನಮೂನೆಗಳು. ನಿಜವಾದ ಅಪಾಯ ಇದ್ದದ್ದು ಬಂಪರಿನಲ್ಲಲ್ಲ, ಇಲ್ಲಿ. ಕೆಲವು ಗುತ್ತಿಗೆಗಳಲ್ಲಿ ನೋಂದಣಿ ಪತ್ರ ಕಾರು ಕೊಟ್ಟ ಕಂಪನಿಯ ಹೆಸರಿನಲ್ಲೇ ಇರುತ್ತದೆ. ಇವರದು ಹಾಗಲ್ಲ, ಪತ್ರ ಇವರ ಹೆಸರಿನಲ್ಲಿ, ಗುತ್ತಿಗೆಯ ನಮೂದು ಕಂಪನಿಯದು. ಹಿಂದಿರುಗಿಸುವಾಗ ಹೆಸರು ಬದಲಾವಣೆಗೆ 29 ಮತ್ತು 30ನೆಯ ನಮೂನೆಗಳು, ಗುತ್ತಿಗೆಯ ನಮೂದನ್ನು ತೆಗೆಸಲು 35ನೆಯ ನಮೂನೆ. ಮೂರೂ ಖಾಲಿಯಾಗಿದ್ದವು.

“ಸಾರ್, ಇಲ್ಲೆಲ್ಲ ಒಂದೊಂದು ಸೈನ್ ಹಾಕ್ಬಿಡಿ. ಮಿಕ್ಕಿದ್ದು ನಾವು ತುಂಬ್ಕೋತೀವಿ.”

“ನೀವು ತುಂಬಿ, ಆಮೇಲೆ ಹಾಕ್ತೀನಿ. ಕಾಯ್ತೀನಿ.”

ಕಾದರು, ಮುಕ್ಕಾಲು ಗಂಟೆ. ತರುಣನಿಗೆ ಬೇಸರವಾಯಿತು. ಅವನಿಗೆ ಅಂದು ಇನ್ನೂ ಆರು ಕಾರುಗಳಿದ್ದವು. ಆದರೂ ಕಾಯುವುದಕ್ಕೆ ಕಾರಣವಿದೆ. ಖಾಲಿ ನಮೂನೆಗೆ ಸಹಿ ಹಾಕಿದರೆ ಕಾರು ತಿಂಗಳುಗಟ್ಟಲೆ ಕೈಯಿಂದ ಕೈಗೆ ಹೋಗಬಹುದು. ಸರ್ಕಾರದ ದಾಖಲೆಯಲ್ಲಿ ಮಾತ್ರ ಹಳೆಯ ಹೆಸರೇ ಉಳಿಯುತ್ತದೆ. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ತೀರ್ಮಾನಿಸಿದ್ದು ಇದನ್ನೇ: ಮಾರಿದ ಕಾರು ಹಲವು ಕೈ ದಾಟಿದ್ದರೂ, ಅಪಘಾತದ ದಿನ ನೋಂದಣಿ ಯಾರ ಹೆಸರಿನಲ್ಲಿತ್ತೋ ಪರಿಹಾರದ ಹೊಣೆಯೂ ಅವರದೇ. ಗುತ್ತಿಗೆಯ ವಾಹನದ ಮಟ್ಟಿಗೆ ಕಾಯ್ದೆಯ 2ನೆಯ ಕಲಂ ಸ್ವಾಧೀನದಲ್ಲಿರುವವರನ್ನು ಮಾಲೀಕರೆನ್ನುತ್ತದೆ. ಸ್ವಾಧೀನ ಬಿಟ್ಟ ಮೇಲೆ ಹೊಣೆಯೂ ಬಿಡಬೇಕೆಂಬ ವಾದಕ್ಕೆ ಅದರಲ್ಲಿ ಎಡೆಯಿದೆ. ಆದರೆ ಬಿಟ್ಟದ್ದು ಯಾವ ದಿನ, ಎಷ್ಟು ಹೊತ್ತಿಗೆ ಎಂಬುದನ್ನು ತೋರಿಸುವ ಕಾಗದವಿಲ್ಲದವರು ಯಾವ ಮುಖದಿಂದ ವಾದಿಸುವುದು?

ಆದಕಾರಣ ಅವರು ಸ್ವೀಕೃತಿ ಪತ್ರದಲ್ಲಿ ದಿನಾಂಕದ ಜೊತೆ ‘ಮಧ್ಯಾಹ್ನ 12 ಗಂಟೆ 40 ನಿಮಿಷ’ ಎಂದು ಬರೆಸಿದರು. ಮಾಪಕದ ಅಂಕಿ, ಎರಡು ಕೀಲಿ, ಕಾಗದಗಳ ಪಟ್ಟಿ, ಕಂಪನಿಯ ಮೊಹರು. ಕೊನೆಯ ಬಾಡಿಗೆ ಪಾವತಿಯಾದದ್ದೂ ಎರಡು ರಾಜ್ಯಗಳ ಪೊಲೀಸರ ಚಾಲಾನುಗಳು ಬಾಕಿಯಿಲ್ಲದಿರುವುದೂ ಅದೇ ಹಾಳೆಯಲ್ಲಿ ಬಂತು. ತಮಿಳುನಾಡಿನದು ಒಂದೂ ಇರಲಿಲ್ಲ. ಬೆಂಗಳೂರಿನದೊಂದು, ರೇಷ್ಮೆ ಮಂಡಳಿಯ ಬಳಿ ನಿಲುಗೆರೆ ದಾಟಿದ್ದು, ಹಿಂದಿನ ವಾರವೇ ಕಟ್ಟಿಯಾಗಿತ್ತು. ಗಾಜಿಗೆ ಅಂಟಿಸಿದ ಫಾಸ್ಟ್‌ಟ್ಯಾಗನ್ನು ಮಗಳು ಉಗುರಿನಿಂದ ಎಬ್ಬಿಸಿ ತೆಗೆದಳು. ಬ್ಯಾಂಕಿನಲ್ಲಿ ಅದನ್ನು ಮುಚ್ಚುವ ಕೋರಿಕೆಯನ್ನು ಅಪ್ಪ ಅಲ್ಲಿಂದಲೇ ಕಳುಹಿಸಿದರು. ಮುಚ್ಚದಿದ್ದರೆ ಮುಂದಿನ ಸವಾರನ ಸುಂಕ ಇವರ ಖಾತೆಯಿಂದ ಹೋದೀತು.

ತರುಣ ಗಾಜಿನ ಮೇಲೆ ಸುಣ್ಣದಲ್ಲಿ 37 ಎಂದು ಬರೆದ. ಅಪ್ಪ-ಮಗಳು ಚೀಲ ಹಿಡಿದು ರಸ್ತೆಗೆ ಬಂದರು.

ಹಿಂದಿರುಗುವಾಗ ಹಳದಿ ಮಾರ್ಗದ ಮೆಟ್ರೊ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ 19 ಕಿಲೋಮೀಟರ್, 16 ನಿಲ್ದಾಣ. 2025ರ ಆಗಸ್ಟಿನಲ್ಲಿ ತೆರೆಯಿತು. ನಾಲ್ಕು ವರ್ಷ ಕಾರಿನ ಗಾಜಿನಿಂದ ನೋಡಿದ ರಸ್ತೆಯನ್ನು ಮಗಳು ಮೊದಲ ಸಲ ಮೇಲಿನಿಂದ ನೋಡಿದಳು. ಕೂಡ್ಲು, ಸಿಂಗಸಂದ್ರ, ಹೊಸ ರಸ್ತೆ, ಕೋನಪ್ಪನ ಅಗ್ರಹಾರ. ಕೆಳಗೆ ವಾಹನಗಳ ಹೆಣಿಗೆ, ಅಲ್ಲಲ್ಲಿ ಉಳಿದ ತೆಂಗಿನ ತೋಪು. ನಿಲ್ದಾಣದ ಹೆಸರುಗಳು ಕನ್ನಡದಲ್ಲಿ ಕೇಳಿಬಂದಾಗಲೆಲ್ಲ ಅವಳು ಕಿವಿಗೊಡುತ್ತಿದ್ದಳು. ಬೊಮ್ಮಸಂದ್ರದಲ್ಲಿ ಇಳಿದು ಹೊಸೂರಿನ ಬಸ್ಸು ಹಿಡಿದರು. ನಿಂತೇ ಪ್ರಯಾಣ. ಕಾರಿದ್ದ ಮನೆಗೆ ಬಸ್ಸು ಮತ್ತೆ ರೂಢಿಯಾಗಲು ಕೆಲವು ವಾರ ಬೇಕಾದೀತು.

ಕಾಯ್ದೆಯ 50ನೆಯ ಕಲಮಿನಂತೆ ವರ್ಗಾವಣೆಯನ್ನು ಕೊಟ್ಟವರು 14 ದಿನಗಳಲ್ಲಿ, ಪಡೆದವರು 30 ದಿನಗಳಲ್ಲಿ ಸಾರಿಗೆ ಕಚೇರಿಗೆ ತಿಳಿಸಬೇಕು. ಯಜಮಾನರು ತಮ್ಮ ಪಾಲಿನ ತಿಳಿವಳಿಕೆಯನ್ನು ಸೋಮವಾರವೇ ಕಳುಹಿಸಿ, ಅದರ ರಸೀದಿಯನ್ನು ಸ್ವೀಕೃತಿ ಪತ್ರಕ್ಕೆ ಪಿನ್ನು ಚುಚ್ಚಿ ಇಟ್ಟರು. ವಿಮಾ ಕಂಪನಿಗೂ ಒಂದು ಪತ್ರ ಹೋಯಿತು. ಇಪ್ಪತ್ತೆರಡನೆಯ ದಿನ ಪರಿವಾಹನ ತಾಣದಲ್ಲಿ ನೋಡಿದಾಗಲೂ ಅವರ ಹೆಸರೇ ಇತ್ತು. ಬರವಣಿಗೆಯಲ್ಲಿ ನೆನಪೋಲೆ ಕಳುಹಿಸಿದರು. ಮೂವತ್ತೊಂದನೆಯ ದಿನ ಹೆಸರು ಬದಲಾಗಿತ್ತು. ಅದಾದ ವಾರಕ್ಕೆ ಠೇವಣಿ ಬಂತು: ಎರಡು ಟೈರುಗಳ ಬೆಲೆ ಕಳೆದು ಉಳಿದದ್ದು. ಗೀಚುಗಳ ಸಾಲಿನಲ್ಲಿ ಏನನ್ನೂ ಕಡಿದಿರಲಿಲ್ಲ. ಅಜ್ಜಿ ಮೊತ್ತವನ್ನು ಕೇಳಿ, ಇಷ್ಟೇನಾ ಎಂದರು.