ಜೇವರ್ಗಿಯ ಪಕ್ಕದ ಖಾಲಿ ಜಾಗ

ತೊಗರಿ ಇಳುವರಿಯ ಕಡತವೊಂದಿದೆ ಅನ್ನಿ. ಅದರಲ್ಲಿ ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲ್ಲೂಕಿನ ಸಾಲುಗಳಿವೆ. ಬೇಕಾದ ತಾಲ್ಲೂಕನ್ನು ಹೆಕ್ಕಿ ಕೊಡುವ ಪುಟ್ಟ ಸ್ಕ್ರಿಪ್ಟನ್ನು ನಮ್ಮ ಕಡೆಯ ಹುಡುಗ ಬ್ಯಾಷ್‌ನಲ್ಲಿ ಬರೆದಿದ್ದಾನೆ. “ಸರ್, ಹೆಸರು ಬರೋಬ್ಬರಿ ಅದರಿ, ಸಾಲು ಮಾತ್ರ ಸಿಗವಲ್ದು” ಅನ್ನುತ್ತಾನೆ. ಎಕೋ ಹೊಡೆದು ತೋರಿಸುತ್ತಾನೆ. ಪರದೆಯ ಮೇಲೆ ಜೇವರ್ಗಿ ಅಂತಲೇ ಇದೆ.

ಎಕೋ ತೋರಿಸಿದ್ದನ್ನು ನಾನು ಸಾಕ್ಷಿ ಅಂತ ಒಪ್ಪುವುದಿಲ್ಲ. ಹೆಸರಿನ ಕೊನೆಗೊಂದು ಖಾಲಿ ಜಾಗ ಅಂಟಿಕೊಂಡಿದ್ದರೂ ಅದು ಕಣ್ಣಿಗೆ ಬೀಳುವುದಿಲ್ಲ. ವಿಂಡೋಸ್‌ನಿಂದ ಬಂದ ಕಡತವಾದರೆ ಸಾಲಿನ ತುದಿಯಲ್ಲಿ ಕಾಣದ ಅಕ್ಷರವೊಂದು ಇರುತ್ತದೆ, ಅದೂ ಹಾಗೆಯೇ ಅಡಗಿ ಕೂರುತ್ತದೆ. ಇಂಥ ಹೊತ್ತಿನಲ್ಲಿ ‘ಡಿಕ್ಲೇರ್ ಮೈನಸ್ ಪಿ’ ಅಂತ ಬರೆದು ಮುಂದೆ ವೇರಿಯಬಲ್‌ನ ಹೆಸರು ಹಾಕಬೇಕು. ಬೆಲೆಯನ್ನು ಅದು ಉದ್ಧರಣ ಚಿಹ್ನೆಯ ನಡುವೆ ಇಟ್ಟು ತೋರಿಸುವುದರಿಂದ ಖಾಲಿ ಜಾಗ ಸಿಕ್ಕಿಬೀಳುತ್ತದೆ. ವೇರಿಯಬಲ್ ಪೂರ್ಣಾಂಕವೋ, ಅರೇಯೋ, ಬದಲಿಸಬಾರದ್ದೋ ಅನ್ನುವುದನ್ನೂ ಅದೇ ಸಾಲು ಹೇಳುತ್ತದೆ. ಬೆಲೆ ಖಾಲಿಯಿರುವ ವೇರಿಯಬಲ್ ಒಂದು, ಹುಟ್ಟೇ ಇಲ್ಲದ ವೇರಿಯಬಲ್ ಇನ್ನೊಂದು. ಎಕೋ ಎರಡಕ್ಕೂ ಬರಿದಾದ ಸಾಲನ್ನೇ ಕೊಡುತ್ತದೆ. ಡಿಕ್ಲೇರ್ ಮೊದಲನೆಯದಕ್ಕೆ ಖಾಲಿ ಉದ್ಧರಣ ತೋರಿಸಿ, ಎರಡನೆಯದು ಸಿಗಲಿಲ್ಲ ಅನ್ನುತ್ತದೆ. ಹೆಸರಿನ ಒಂದಕ್ಷರ ತಪ್ಪಿ ಬರೆದಿದ್ದರೆ ಬಯಲಾಗುವುದು ಇಲ್ಲಿಯೇ. ಬ್ಯಾಷ್‌ನಲ್ಲಿ ಬೆಲೆ ಕನ್ನಡದಲ್ಲಿರಬಹುದು, ವೇರಿಯಬಲ್‌ನ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಜೇವರ್ಗಿಯ ನಡುವಿನ ಅಕ್ಷರವನ್ನು ಇಂಗ್ಲಿಷಿನಲ್ಲಿ ‘ವಿ’ ಹಾಕಿಯೂ ಬರೆಯುತ್ತಾರೆ, ‘ಡಬ್ಲ್ಯು’ ಹಾಕಿಯೂ ಬರೆಯುತ್ತಾರೆ. ಈ ತಪ್ಪಿಗೆ ನಮ್ಮಲ್ಲಿ ಬೇಕಾದಷ್ಟು ದಾರಿ!

ಇದ್ದಬದ್ದ ವೇರಿಯಬಲ್‌ಗಳನ್ನೆಲ್ಲ ನೋಡಲು ಬರಿಯ ‘ಸೆಟ್’ ಸಾಕು, ಫಂಕ್ಷನ್‌ಗಳೂ ಜೊತೆಗೇ ಸುರಿಯುತ್ತವೆ. ಆ ಪಟ್ಟಿ ಉದ್ದ, ಲೆಸ್‌ಗೆ ಪೈಪ್ ಹಾಕಿ ಓದಿ. ಹೆಸರುಗಳಷ್ಟೇ ಬೇಕಿದ್ದರೆ ‘ಕಾಂಪ್‌ಜೆನ್ ಮೈನಸ್ ವಿ’ ಇದೆ. ‘ಎನ್ವ್’ ತೋರಿಸುವುದು ಎಕ್ಸ್‌ಪೋರ್ಟ್ ಆದವುಗಳನ್ನು ಮಾತ್ರ. ಸೆಟ್‌ನಲ್ಲಿ ಕಂಡದ್ದು ಎನ್ವ್‌ನಲ್ಲಿ ಕಾಣದಿದ್ದರೆ, ನೀವು ಅಲ್ಲಿಂದ ಓಡಿಸಿದ ಇನ್ನೊಂದು ಸ್ಕ್ರಿಪ್ಟಿಗೆ ಅದು ಮುಟ್ಟಿಲ್ಲ ಎಂದರ್ಥ. ಆಳಂದ ಸೀಮೆಯ ನೀರು ಹೊತ್ತ ಅಮರ್ಜಾ ಹೊಳೆ ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ, ಭೀಮೆ ಜೇವರ್ಗಿಯ ಕಡೆ ಹರಿಯುತ್ತದೆ. ಎಕ್ಸ್‌ಪೋರ್ಟ್ ಕೂಡ ಹಾಗೆ ಇಳಿಜಾರಿಗೇ ಹರಿಯುವಂಥದ್ದು. ಕೆಳಗಿನ ಸ್ಕ್ರಿಪ್ಟ್ ಬೆಲೆ ಬದಲಿಸಿದರೆ ಮೇಲಿನ ಶೆಲ್‌ಗೆ ಗೊತ್ತೇ ಆಗುವುದಿಲ್ಲ.

1979ರ ಬಾರ್ನ್ ಶೆಲ್‌ನಲ್ಲೂ ಎಕ್ಸ್‌ಪೋರ್ಟ್ ಇತ್ತು. 1989ರಲ್ಲಿ ಬ್ರಯಾನ್ ಫಾಕ್ಸ್ ಬರೆದ ಬ್ಯಾಷ್ ಅದೇ ಪದ್ಧತಿಯನ್ನು ಮುಂದುವರಿಸಿತು.

ಒಂದು ಮಾತು ಒತ್ತಿ ಹೇಳಬೇಕು. ಸಹಾಯ ಕೇಳುವ ಅವಸರದಲ್ಲಿ ಸೆಟ್ ಅಥವಾ ಎನ್ವ್‌ನ ಪಟ್ಟಿಯನ್ನು ಇಡಿಯಾಗಿ ವಾಟ್ಸಾಪ್‌ಗೆ ಹಾಕಬೇಡಿ. ಡೇಟಾಬೇಸ್‌ನ ಪಾಸ್‌ವರ್ಡು, ಸೇವೆಗಳ ಗುಪ್ತ ಕೀಲಿ ಇರುವುದೂ ಎಷ್ಟೋ ಸಲ ಅದರಲ್ಲೇ. ಸಹಾಯ ಮಾಡುವವರಿಗೆ ಬೇಕಾಗಿರುವುದು ತಾಲ್ಲೂಕಿನ ಹೆಸರಿರುವ ಆ ಒಂದು ಸಾಲು, ಅಷ್ಟನ್ನೇ ಕಳಿಸಿ.